ಆರೋಗ್ಯ ದಾಖಲೆ ಕಂಪನಿಯ ಸಂದರ್ಶನ: ಡೆವಲಪರ್, ಇಂಪ್ಲಿಮೆಂಟೇಷನ್, ಇಂಟರ್‌ಫೇಸ್ – ಯಾವ ಬಾಗಿಲು ಯಾರಿಗೆ?

ಆಸ್ಪತ್ರೆಗಳಿಗೆ ಎಲೆಕ್ಟ್ರಾನಿಕ್ ದಾಖಲೆಯ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಗೆ ಹೊಸಬರು ಹೊಗುವ ಬಾಗಿಲು ಮುಖ್ಯವಾಗಿ ಮೂರು. ಕೋಡ್ ಬರೆಯುವ ಡೆವಲಪರ್, ಆಸ್ಪತ್ರೆಗೆ ಹೋಗಿ ಸಾಫ್ಟ್‌ವೇರ್ ಕೂರಿಸಿಬರುವ ಇಂಪ್ಲಿಮೆಂಟೇಷನ್, ಲ್ಯಾಬು–ಫಾರ್ಮಸಿ–ಬಿಲ್ಲಿಂಗ್ ಯಂತ್ರಗಳ ನಡುವೆ ಮಾಹಿತಿ ಹರಿಯುವಂತೆ ನೋಡಿಕೊಳ್ಳುವ ಇಂಟರ್‌ಫೇಸ್ ಮತ್ತು ಸಪೋರ್ಟ್. ಟೆಸ್ಟಿಂಗ್ ವಿಭಾಗವೂ ಇದೆ, ಆದರೆ ಅದರ ಸಂದರ್ಶನ ಬಹುಪಾಲು ಡೆವಲಪರ್ ಸಂದರ್ಶನದ ಹಗುರ ರೂಪವಾದ್ದರಿಂದ ಇಲ್ಲಿ ಬಿಟ್ಟಿದ್ದೇನೆ. ಮೂರಕ್ಕೂ ಕೂತು ಎದ್ದ ಮೇಲೆ ಸ್ಪಷ್ಟವಾಗುವ ಸಂಗತಿ ಏನೆಂದರೆ ಕಂಪನಿ ಒಂದೇ ಆದರೂ ಅಳೆಯುವ ಕೋಲು ಬೇರೆ ಬೇರೆ. ಒಂದೇ ರೆಸ್ಯೂಮೆಯನ್ನು ಮೂರೂ ಕಡೆ ಹಾಕುವುದು ದೊಡ್ಡ ತಪ್ಪು. ಹಲವು ಕಡೆ ಒಮ್ಮೆ ಬರೆದ ಪರೀಕ್ಷೆಯ ಅಂಕವನ್ನು ಇಟ್ಟುಕೊಳ್ಳುತ್ತಾರೆ, ಕೆಲಕಾಲ ಮತ್ತೆ ಬರೆಯಲು ಬಿಡುವುದಿಲ್ಲ.

ಮೊದಲು ಮೂರಕ್ಕೂ ಸಾಮಾನ್ಯವಾಗಿ ಬರುವ ಆನ್‌ಲೈನ್ ಪರೀಕ್ಷೆ. ಕ್ಯಾಮೆರಾ ಮುಂದೆ ಕೂತು, ಗಡಿಯಾರದ ಕೆಳಗೆ ಬರೆಯುವುದು. ಚುಟುಕು ಲೆಕ್ಕ, ಸಂಖ್ಯಾ ಸರಣಿ, ತರ್ಕ ಇವೆಲ್ಲ ಎಲ್ಲ ಕಡೆ ಇರುವಂಥವೇ. ಜನ ಎಡವುವುದು ಇನ್ನೊಂದು ಕಡೆ. ಯಾರೂ ನೋಡಿರದ ಒಂದು ಪ್ರೋಗ್ರಾಮಿಂಗ್ ಭಾಷೆಯ ನಿಯಮಗಳನ್ನು ಒಂದು ಪುಟದಲ್ಲಿ ಕೊಟ್ಟು, ಆ ನಿಯಮದಂತೆ ಉತ್ತರ ಕಂಡುಹಿಡಿಯಿರಿ ಎನ್ನುವ ಬಗೆಯ ಪ್ರಶ್ನೆಗಳಿರುತ್ತವೆ. ಇಂಥ ಪ್ರಶ್ನೆ ಈ ಕ್ಷೇತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿನ ಹಳೆಯ ಭಾಷೆ ಮಂಪ್ಸ್, 1966–67ರ ಸುಮಾರಿಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹುಟ್ಟಿದ್ದು. ಇವತ್ತಿಗೂ ದೊಡ್ಡ ದಾಖಲೆ ವ್ಯವಸ್ಥೆಗಳ ತಳದಲ್ಲಿ ಅದರ ವಂಶವೇ ಓಡುತ್ತಿದೆ. ಅದರಲ್ಲಿ ಗುಣಾಕಾರಕ್ಕೆ ಸಂಕಲನಕ್ಕಿಂತ ಹೆಚ್ಚಿನ ಮರ್ಯಾದೆ ಇಲ್ಲ, ಎಲ್ಲವೂ ಎಡದಿಂದ ಬಲಕ್ಕೆ. 2+3*4 ಎಂದರೆ 14 ಅಲ್ಲ, 20. 10-2*3 ಎಂದರೆ 4 ಅಲ್ಲ, 24. ಪದಕ್ಕೆ ಸಂಖ್ಯೆ ಕೂಡಿಸಿದರೆ ಪದದ ಮುಂಭಾಗದ ಅಂಕಿಯನ್ನಷ್ಟೇ ತೆಗೆದುಕೊಳ್ಳುತ್ತದೆ: '12 ಮಿಗ್ರಾಂ' ಎಂಬುದಕ್ಕೆ 3 ಕೂಡಿಸಿದರೆ 15.

ಇಲ್ಲಿ ಸೋಲಿಸುವುದು ದಡ್ಡತನ ಅಲ್ಲ, ಶಾಲೆಯಲ್ಲಿ ಕಲಿತ ಅಭ್ಯಾಸ. ಮೂರನೇ ಪ್ರಶ್ನೆಯವರೆಗೆ ನಿಯಮ ನೆನಪಿರುತ್ತದೆ, ಏಳನೆಯದಕ್ಕೆ ಬರುವಷ್ಟರಲ್ಲಿ ಕೈ ತಾನಾಗಿ ಗುಣಾಕಾರವನ್ನು ಮೊದಲು ಮಾಡಿಬಿಡುತ್ತದೆ. ಮದ್ದು ಸರಳ: ಪ್ರತಿ ಹೆಜ್ಜೆಯನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಬರೆಯುವುದು, ಮನಸ್ಸಿನಲ್ಲಿ ಮಾಡದಿರುವುದು. ಕಾಗದ ಬಳಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಕ್ಯಾಮೆರಾ ಪರೀಕ್ಷೆಯಲ್ಲಿ ಖಾಲಿ ಹಾಳೆಯ ಎರಡೂ ಬದಿ ತೋರಿಸಲು ಹೇಳಬಹುದು. ಅದೇ ಪರೀಕ್ಷೆಯಲ್ಲಿ ಕೋಡ್ ಬರೆಯುವ ಭಾಗ ಬಂದರೆ ಓಡಿಸಿ ನೋಡುವ ಅನುಕೂಲ ಇಲ್ಲದೆ ಇರಬಹುದು. ಆಗ ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ, ಎರಡು ಸಲ ಬಂದ ಅಂಶ, ಈ ಮೂರನ್ನು ಕೈಯಲ್ಲೇ ಓಡಿಸಿ ನೋಡಿದರೆ ಸಾಮಾನ್ಯ ತಪ್ಪುಗಳು ಸಿಕ್ಕಿಬೀಳುತ್ತವೆ.

ಇನ್ನು ಬೇರ್ಪಡುವ ಸುತ್ತುಗಳು. ಡೆವಲಪರ್ ಸುತ್ತು ನೋಡಲು ಉಳಿದ ಸಾಫ್ಟ್‌ವೇರ್ ಕಂಪನಿಗಳಂತೆಯೇ ಇರುತ್ತದೆ, ಆದರೆ ಪ್ರಶ್ನೆಯ ಹೊಟ್ಟೆಯಲ್ಲಿ ಆಸ್ಪತ್ರೆ ಇರುತ್ತದೆ. 'ಪ್ರತಿ ರೋಗಿಯ ಇತ್ತೀಚಿನ ಹಿಮೋಗ್ಲೋಬಿನ್ ತೆಗೆದುಕೊಡಿ' ಎಂಬ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಪ್ರಶ್ನೆಯನ್ನೇ ತೆಗೆದುಕೊಳ್ಳಿ. ರೋಗಿಯ ಪ್ರಕಾರ ಗುಂಪು ಮಾಡಿ, ಸಮಯದ ಇಳಿಕೆಯಲ್ಲಿ ಸಾಲುಗಳಿಗೆ ಸಂಖ್ಯೆ ಕೊಟ್ಟು, ಮೊದಲನೆಯದನ್ನು ಆರಿಸುವುದು ಐದು ನಿಮಿಷದ ಕೆಲಸ. ಅಲ್ಲಿಗೇ ನಿಲ್ಲಿಸಿದವರು ಅರ್ಧ ಅಂಕದಲ್ಲಿ ಉಳಿಯುತ್ತಾರೆ. ಯಾವ ಸಮಯ? ರಕ್ತ ತೆಗೆದ ಸಮಯವೋ, ಫಲಿತಾಂಶ ಬಂದ ಸಮಯವೋ? ಬೆಳಿಗ್ಗೆ ತೆಗೆದ ರಕ್ತದ ವರದಿ ಸಂಜೆ, ಮಧ್ಯಾಹ್ನ ತೆಗೆದದ್ದರ ವರದಿ ಅದಕ್ಕಿಂತ ಮೊದಲು ಬರಬಹುದು. ವೈದ್ಯರಿಗೆ ಬೇಕಾದ 'ಇತ್ತೀಚಿನದು' ರಕ್ತ ತೆಗೆದ ಸಮಯದ ಪ್ರಕಾರ. ಲ್ಯಾಬು ಆಮೇಲೆ ತಿದ್ದಿದ ಫಲಿತಾಂಶ ಇದ್ದರೆ ಹಳೆಯದು ತೋರಬಾರದು. ಮೌಲ್ಯದ ಜಾಗದಲ್ಲಿ ಸಂಖ್ಯೆಯ ಬದಲು 'ಮಾದರಿ ಹಾಳಾಗಿದೆ' ಎಂಬ ಮಾತು ಇರಬಹುದು, ಬೇರೆ ಪರೀಕ್ಷೆಗಳಲ್ಲಿ '<0.01' ಎಂದಿರಬಹುದು, ಸಂಖ್ಯೆಯಾಗಿ ಬದಲಿಸಲು ಹೋದ ಕ್ವೆರಿ ಅಲ್ಲೇ ಮುರಿದುಬೀಳುತ್ತದೆ. ಈ ನಾಲ್ಕು ಪ್ರಶ್ನೆಗಳನ್ನು ಕೀಬೋರ್ಡಿಗೆ ಕೈ ಹಾಕುವ ಮೊದಲೇ ಕೇಳಿದರೆ ಸಂದರ್ಶಕರ ಮುಖ ಬದಲಾಗುತ್ತದೆ.

ಇಂಪ್ಲಿಮೆಂಟೇಷನ್ ಸುತ್ತಿನಲ್ಲಿ ಕೋಡ್ ಇಲ್ಲವೆಂದು ಸುಲಭ ಅಂದುಕೊಂಡು ಹೋಗುವವರೇ ಜಾಸ್ತಿ. ನನ್ನ ಲೆಕ್ಕದಲ್ಲಿ ಮೂರರಲ್ಲಿ ತಯಾರಿ ಇಲ್ಲದೆ ಪಾರಾಗಲು ಅತಿ ಕಷ್ಟವಾದದ್ದು ಇದೇ. ಸಾಮಾನ್ಯವಾಗಿ ಒಂದು ಕೇಸ್ ಕೊಟ್ಟು ಹತ್ತು–ಹದಿನೈದು ನಿಮಿಷ ಮಾತನಾಡಲು ಹೇಳುತ್ತಾರೆ: 400 ಹಾಸಿಗೆಯ ಆಸ್ಪತ್ರೆ ಕಾಗದದಿಂದ ಕಂಪ್ಯೂಟರಿಗೆ ಬರಬೇಕು, ಒಂದೇ ರಾತ್ರಿ ಎಲ್ಲ ವಿಭಾಗ ಬದಲಿಸುತ್ತೀರೋ, ವಾರ್ಡು ವಾರ್ಡಾಗಿಯೋ? 'ಹಂತ ಹಂತವಾಗಿ ಹೋದರೆ ಅಪಾಯ ಕಡಿಮೆ' ಎಂಬುದು ಎಲ್ಲರ ಬಾಯಲ್ಲೂ ಬರುವ ಉತ್ತರ. ಅದರ ಹಿಂದೆಯೇ ಬರುವ ಪ್ರಶ್ನೆಗೆ ಸಿದ್ಧರಿರಬೇಕು: ಕಂಪ್ಯೂಟರ್ ಇರುವ ಐಸಿಯುನಿಂದ ಕಾಗದವೇ ಇರುವ ವಾರ್ಡಿಗೆ ರೋಗಿಯನ್ನು ಸಾಗಿಸಿದಾಗ ಅವರ ಔಷಧದ ಪಟ್ಟಿ ಯಾರ ಕೈಯಲ್ಲಿದೆ? ಒಂದೇ ಮಾತ್ರೆ ಎರಡು ಕಡೆ ದಾಖಲಾಗಿ ಎರಡು ಸಲ ಕೊಟ್ಟುಬಿಟ್ಟರೆ? ಒಂದೇ ರಾತ್ರಿಯ ಬದಲಾವಣೆ ಎಂದರೆ ಮೊದಲ ಕೆಲವು ವಾರ ಪೂರ್ವನಿಗದಿತ ಶಸ್ತ್ರಚಿಕಿತ್ಸೆ ಮತ್ತು ಹೊರರೋಗಿ ಅಪಾಯಿಂಟ್‌ಮೆಂಟ್ ತಗ್ಗಿಸಬೇಕು, ಪ್ರತಿ ಶಿಫ್ಟಿನಲ್ಲೂ ತರಬೇತಾದ ಸಹೋದ್ಯೋಗಿ ವಾರ್ಡಿನಲ್ಲೇ ನಿಂತಿರಬೇಕು, ದೂರು ಕೇಳುವ ಒಂದು ಕೋಣೆ ಹಗಲೂ ರಾತ್ರಿ ತೆರೆದಿರಬೇಕು. ಯಾವ ಕಡೆ ನಿಂತರೂ ನಡೆಯುತ್ತದೆ, ನಿಂತ ಕಡೆಯ ಬೆಲೆ ಗೊತ್ತಿರಬೇಕು. ಜೊತೆಗೆ ವ್ಯವಸ್ಥೆ ಕೆಟ್ಟು ನಿಂತಾಗ ಏನು ಮಾಡುತ್ತೀರಿ ಎಂಬುದನ್ನು ಕೇಳದಿದ್ದರೂ ಹೇಳಿ: ರೋಗಿಗಳ ಪಟ್ಟಿ ಮತ್ತು ಔಷಧ ಚಾರ್ಟ್ ಆಗಾಗ ಮುದ್ರಿಸಿಟ್ಟಿರುವುದು, ಕಾಗದದ ನಮೂನೆಗಳು ವಾರ್ಡಿನಲ್ಲಿರುವುದು, ಚಾಲೂ ಆದ ಮೇಲೆ ಯಾವುದನ್ನು ಮೊದಲು ತುಂಬುವುದು.

ಇದೇ ಸುತ್ತಿನಲ್ಲಿ ಪಾತ್ರಾಭಿನಯವೂ ಬರಬಹುದು. ಸಂದರ್ಶಕರು ಸಿಟ್ಟಿಗೆದ್ದ ಹಿರಿಯ ವೈದ್ಯರಾಗುತ್ತಾರೆ: 'ಒಂದು ಆ್ಯಂಟಿಬಯಾಟಿಕ್ ಬರೆಯಲು ಏಳು ಕ್ಲಿಕ್ಕು ಏನ್ರೀ?' ತರಬೇತಿಯ ಪಾಠ ಒಪ್ಪಿಸಿದವರು ಸೋಲುತ್ತಾರೆ, 'ಬದಲಾಯಿಸಿಕೊಡ್ತೀವಿ ಡಾಕ್ಟ್ರೇ' ಎಂದವರೂ ಸೋಲುತ್ತಾರೆ. 'ಒಮ್ಮೆ ಮಾಡಿ ತೋರಿಸ್ತೀರಾ ಡಾಕ್ಟ್ರೇ?' ಎಂದು ಪಕ್ಕ ನಿಂತು ಕ್ಲಿಕ್ ಎಣಿಸುವುದೇ ಸರಿಯಾದ ಮೊದಲ ಮಾತು. ಏಳರಲ್ಲಿ ಮೂರು ಅನಗತ್ಯ ಎಚ್ಚರಿಕೆ ಪೆಟ್ಟಿಗೆಗಳಾಗಿದ್ದರೆ ಆ ದೂರು ನಿಜ. ಬೇಡದ ಎಚ್ಚರಿಕೆ ಹೆಚ್ಚಾದಷ್ಟೂ ಬೇಕಾದ ಅಲರ್ಜಿ ಎಚ್ಚರಿಕೆಯನ್ನೂ ಜನ ಓದದೆ ಮುಚ್ಚುತ್ತಾರೆ.

ಇಂಟರ್‌ಫೇಸ್ ಸುತ್ತನ್ನು ಕಡೆಗಿಟ್ಟುಕೊಂಡದ್ದು ಬೇಕೆಂದೇ. ಅರ್ಜಿ ಹಾಕುವವರು ಕಡಿಮೆ, ತಯಾರಿಗೆ ಸಿಗುವ ಸಾಮಗ್ರಿ ಹೇರಳ, ಎರಡು ವಾರ ಗಟ್ಟಿಯಾಗಿ ಓದಿದರೆ ಎದ್ದು ಕಾಣಬಹುದು. ಆಧಾರ ಎಚ್‌ಎಲ್7, ಅಂದರೆ ಆಸ್ಪತ್ರೆಯ ವ್ಯವಸ್ಥೆಗಳು ಪರಸ್ಪರ ಸಂದೇಶ ಕಳಿಸುವ ಮಾನದಂಡ. ಅದನ್ನು ರೂಪಿಸುವ ಅದೇ ಹೆಸರಿನ ಸಂಸ್ಥೆ ಶುರುವಾದದ್ದು 1987ರಲ್ಲಿ, ಅದರ ಎರಡನೇ ಆವೃತ್ತಿಯ ಸಂದೇಶಗಳು ಇವತ್ತಿಗೂ ಆಸ್ಪತ್ರೆಗಳ ಒಳಗೆ ಓಡುತ್ತಿವೆ. ಕಂಠಪಾಠ ಆಗಬೇಕಾದದ್ದು ಇಷ್ಟು: ರೋಗಿಯ ಬರಹೋಗಿನ ಸಂದೇಶವಾದ ಎಡಿಟಿಯಲ್ಲಿ ಎ01 ದಾಖಲಾತಿ, ಎ03 ಬಿಡುಗಡೆ, ಎ08 ಮಾಹಿತಿ ತಿದ್ದುಪಡಿ, ಎ40 ಒಂದೇ ವ್ಯಕ್ತಿಯ ಎರಡು ದಾಖಲೆಗಳ ವಿಲೀನ, ಇನ್ನು ಓಆರ್‌ಯು ಆರ್01 ಎಂದರೆ ಲ್ಯಾಬ್ ಫಲಿತಾಂಶದ ಸಂದೇಶ. ಸಂದೇಶದೊಳಗೆ ರೋಗಿಯ ವಿವರ ಇರುವ ಪಿಐಡಿ ಸಾಲಿನ 3ನೇ ಜಾಗ ರೋಗಿಯ ಗುರುತಿನ ಸಂಖ್ಯೆ, 5 ಹೆಸರು, 7 ಜನ್ಮದಿನಾಂಕ. ಫಲಿತಾಂಶ ಇರುವ ಓಬಿಎಕ್ಸ್ ಸಾಲಿನ 3 ಪರೀಕ್ಷೆಯ ಕೋಡ್, 5 ಮೌಲ್ಯ, 6 ಅಳತೆಯ ಮಾನ, 11 ಫಲಿತಾಂಶದ ಸ್ಥಿತಿ. ಉತ್ತರ ಸಂದೇಶದಲ್ಲಿ ಎಎ ಎಂದರೆ ಒಪ್ಪಿದೆ, ಎಇ ದೋಷವಿದೆ, ಎಆರ್ ತಿರಸ್ಕರಿಸಿದೆ.

ಓಬಿಎಕ್ಸ್‌ನ ಆ 6ನೇ ಜಾಗದ ಮೇಲೆ ಕಣ್ಣಿಡಿ. ರಕ್ತದ ಗ್ಲೂಕೋಸ್ 126 ಮಿಗ್ರಾಂ ಪ್ರತಿ ಡೆಸಿಲೀಟರ್ ಎಂದರೆ ಇನ್ನೊಂದು ಮಾನದಲ್ಲಿ 7 ಮಿಲಿಮೋಲ್ ಪ್ರತಿ ಲೀಟರ್. ಸುಮಾರು 18ರಿಂದ ಭಾಗಿಸಿದರೆ ಸಿಗುತ್ತದೆ. ಕಳಿಸುವ ಯಂತ್ರ ಮಾನವನ್ನು ಬಿಟ್ಟು ಬರೀ 7 ಎಂದು ಕಳಿಸಿ, ಪಡೆಯುವ ವ್ಯವಸ್ಥೆ ಅದಕ್ಕೆ ತನ್ನ ಎಂದಿನ ಮಿಗ್ರಾಂ ಅಂಟಿಸಿದರೆ, ಪರದೆಯ ಮೇಲೆ ಪ್ರಾಣಕ್ಕೇ ಅಪಾಯವಾಗುವಷ್ಟು ಕಡಿಮೆ ಸಕ್ಕರೆ ಕಾಣುತ್ತದೆ. ಸಂದೇಶ ಸರಿಯಾಗಿಯೇ ತಲುಪಿದೆ, ಎಎ ಉತ್ತರವೂ ಬಂದಿದೆ, ದೋಷವಿರುವ ಸಂದೇಶಗಳ ಸರದಿ (ಕ್ಯೂ) ಖಾಲಿ. ಇಂಥ ಉದಾಹರಣೆ ಮುಂದಿಟ್ಟು ದೋಷ ಹುಡುಕಿಸುವ ಸಂದರ್ಶಕರು ಸಿಕ್ಕರೆ ಅದೃಷ್ಟವೆಂದೇ ತಿಳಿಯಿರಿ.

'ಲ್ಯಾಬ್ ವರದಿ ವಾರ್ಡಿಗೆ ಬರುತ್ತಿಲ್ಲ, ಏನು ಮಾಡುತ್ತೀರಿ?' ಎಂಬುದು ಈ ಸುತ್ತಿಗೆ ಹೇಳಿ ಮಾಡಿಸಿದ ಪ್ರಶ್ನೆ. ಬಹುತೇಕರು ನೇರ ಲಾಗ್ (ವ್ಯವಸ್ಥೆ ತಾನೇ ಬರೆದಿಡುವ ಆಗುಹೋಗುಗಳ ಕಡತ) ತೆರೆಯುತ್ತಾರೆ. ಮೊದಲ ಉತ್ತರ ಆಗಬೇಕಾದದ್ದು: ತುರ್ತು ಫಲಿತಾಂಶಗಳನ್ನು ಫೋನಿನಲ್ಲಿ ತಿಳಿಸುವಂತೆ ಲ್ಯಾಬಿಗೂ ವಾರ್ಡಿಗೂ ಹೇಳುವುದು. ಆಮೇಲೆ ಒಬ್ಬ ರೋಗಿಗೋ ಎಲ್ಲರಿಗೋ, ಯಾವಾಗಿನಿಂದ, ಹಿಂದಿನ ದಿನ ಏನಾದರೂ ಬದಲಾಯಿತೇ, ಲ್ಯಾಬು ಕಳಿಸಿದೆಯೇ, ಉತ್ತರ ಸಂದೇಶ ಏನು ಬಂತು. ಸರದಿಯ ತಲೆಯಲ್ಲಿ ಕೆಟ್ಟ ಸಂದೇಶವೊಂದು ಸಿಕ್ಕಿಕೊಂಡು ಹಿಂದಿನವೆಲ್ಲ ನಿಂತಿರುವುದು ಸಾಮಾನ್ಯ. ಅದನ್ನು ಕಣ್ಣುಮುಚ್ಚಿ ಅಳಿಸಬಾರದು, ಬದಿಗಿಟ್ಟು ಉಳಿದವನ್ನು ಬಿಡಬೇಕು. ಬಿಡುವಾಗ ಕ್ರಮ ತಪ್ಪಿದರೆ ದಾಖಲಾಗುವ ಮುಂಚೆಯೇ ರೋಗಿ ಬಿಡುಗಡೆಯಾಗಿಬಿಡುತ್ತಾರೆ. ಮತ್ತೆ ಕಳಿಸಿದಾಗ ಎರಡು ಸಲ ನಮೂದಾಗದಂತೆ ಸಂದೇಶದ ಮೊದಲ ಸಾಲಾದ ಎಂಎಸ್‌ಎಚ್‌ನ 10ನೇ ಜಾಗದ ಸಂದೇಶ ಸಂಖ್ಯೆ ನೋಡಿಕೊಳ್ಳಬೇಕು.

ಎಚ್‌ಎಲ್7 ಸಂಸ್ಥೆಯ ಹೊಸ ಪೀಳಿಗೆಯ ಮಾನದಂಡ ಎಫ್‌ಎಚ್‌ಐಆರ್, ಬಾಯಿಮಾತಿನಲ್ಲಿ 'ಫೈರ್', ಅದನ್ನೂ ಕೇಳುತ್ತಾರೆ. ಪೇಷೆಂಟ್ (ರೋಗಿ), ಎನ್‌ಕೌಂಟರ್ (ಆಸ್ಪತ್ರೆಯ ಒಂದು ಭೇಟಿ), ಅಬ್ಸರ್ವೇಷನ್ (ಅಳತೆ ಅಥವಾ ಫಲಿತಾಂಶ) ಈ ಮೂರು ಬಗೆಯ ದಾಖಲೆಗಳ ಸಂಬಂಧ ಗೊತ್ತಿದ್ದರೆ ಆರಂಭಕ್ಕೆ ಸಾಕು. ಅಭ್ಯಾಸಕ್ಕೆ ಸಿಂಥಿಯಾ ಎಂಬ ಮುಕ್ತ ತಂತ್ರಾಂಶ ಕಾಲ್ಪನಿಕ ರೋಗಿಗಳ ಪೂರ್ತಿ ದಾಖಲೆ ಹುಟ್ಟಿಸಿಕೊಡುತ್ತದೆ, ಅದನ್ನು ಹ್ಯಾಪಿ ಫೈರ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಸರ್ವರಿಗೆ ತುಂಬಿ ಕ್ವೆರಿ ಹಾಕಿ ನೋಡಬಹುದು. ಹಿಂದಿನ ಕೆಲಸದ ನಿಜವಾದ ರೋಗಿಯ ಪರದೆಚಿತ್ರವನ್ನು, ಹೆಸರು ಮಸುಕು ಮಾಡಿದ್ದರೂ, ಸಂದರ್ಶನಕ್ಕೆ ಒಯ್ಯಬೇಡಿ. ಗೋಪ್ಯತೆಯ ಪರೀಕ್ಷೆಯಲ್ಲಿ ಅಲ್ಲಿಗೇ ಫೇಲು.

ಆಯ್ಕೆಯ ಮಾತಿಗೆ ಬಂದರೆ: ಅಲ್ಗಾರಿದಮ್ ಅಭ್ಯಾಸ ಈಗಾಗಲೇ ಕೈಯಲ್ಲಿದ್ದವರಿಗೆ ಡೆವಲಪರ್ ಬಾಗಿಲು. ಎದುರು ಕೂತವರ ಸಿಟ್ಟಿನೊಳಗಿನ ಕೆಲಸದ ತೊಂದರೆ ಕೇಳಿಸಿಕೊಳ್ಳಬಲ್ಲವರಿಗೆ ಇಂಪ್ಲಿಮೆಂಟೇಷನ್, ಆದರೆ ಪ್ರಯಾಣ ಸಹಿಸಬೇಕು. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಓದಿ ಸ್ವಲ್ಪ ಎಸ್‌ಕ್ಯೂಎಲ್ ಕಲಿತವರು ಹಿಂದೆಮುಂದೆ ನೋಡದೆ ಇಂಟರ್‌ಫೇಸಿಗೆ ಹಾಕಬೇಕು. ಗ್ಲೂಕೋಸ್ 7 ಎಂದು ಕಂಡೊಡನೆ ಅನುಮಾನ ಬರುವುದು ಅವರಿಗೇ.

ಮೂರೂ ಕಡೆ ಕೊನೆಗೆ 'ನಿಮ್ಮ ಪ್ರಶ್ನೆ ಏನಾದರೂ?' ಎನ್ನುತ್ತಾರೆ. ಡೆವಲಪರ್ ಆದರೆ ಮೊದಲ ವರ್ಷ ಬರೆಯುವುದು ಯಾವ ಭಾಷೆಯಲ್ಲಿ ಎಂದು ಕೇಳಿ. ಇಂಪ್ಲಿಮೆಂಟೇಷನ್ ಆದರೆ ತಿಂಗಳಿಗೆ ಎಷ್ಟು ದಿನ ಮನೆಯಿಂದ ಹೊರಗೆ ಎಂದು. ಇಂಟರ್‌ಫೇಸ್ ಆದರೆ ರಾತ್ರಿ ಫೋನಿನ ಸರದಿ ಎಷ್ಟು ವಾರಕ್ಕೊಮ್ಮೆ, ಮರುದಿನ ಬಿಡುವು ಉಂಟೇ ಎಂದು. ಎಲ್ಲರೂ ಕೇಳಬೇಕಾದದ್ದು, ಉತ್ತರವನ್ನು ಬರಹದಲ್ಲಿ ಪಡೆಯಬೇಕಾದದ್ದು ಇನ್ನೊಂದಿದೆ: ಕೆಲಸ ಬಿಟ್ಟ ಮೇಲೆ ಅದೇ ಸಾಫ್ಟ್‌ವೇರ್ ಬಳಸುವ ಆಸ್ಪತ್ರೆಗೋ ಸಲಹಾ ಸಂಸ್ಥೆಗೋ ಎಷ್ಟು ತಿಂಗಳು ಸೇರುವಂತಿಲ್ಲ? ಒಪ್ಪಂದದ ಹಾಳೆ ಮೇಜಿನ ಮೇಲೆ ಬಂದ ದಿನ ಈ ಸಾಲನ್ನು ಸಂಬಳದ ಸಾಲಿಗಿಂತ ಮೊದಲು ಹುಡುಕಿ.