ಮಕ್ಕಳಿಗೆ ಮೊದಲ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಡುವ ಮೊದಲು ಇದನ್ನೊಮ್ಮೆ ಓದಿ

ನಮ್ಮದು ಮಂಗಳೂರಿನ ಕಂಕನಾಡಿ. ಹಳೆಯ ಹಂಚಿನ ಮನೆ. ಕಳೆದ ವರ್ಷ ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರವೇ ಅವನಿಗೆ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಟ್ಟೆ. ಎರಡು ವರ್ಷದಿಂದ ಕೇಳುತ್ತಿದ್ದ. ಆಮೇಲೆ ಎಂಟು ತಿಂಗಳು ನಮ್ಮ ಮನೆಯಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಒಂದು ದೊಡ್ಡ ಪೆಟ್ಟಿಗೆ ತೋರಿಸಿದರು. ಬಿಗಿನರ್ ಕಾಂಬೋ ಅಂತೆ. ಗಿಟಾರ್, 10 ವ್ಯಾಟಿನ ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ), ಕೇಬಲ್, ಬ್ಯಾಗ್, ಬೆಲ್ಟ್, ಪಿಕ್, ಎಲ್ಲ ಸೇರಿ 14,500 ರೂಪಾಯಿ. ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಕಪ್ಪು ಗಿಟಾರ್, ಚೂಪು ಕೊಂಬು, ಬ್ರಿಡ್ಜಿನಿಂದ, ಅಂದರೆ ಗಿಟಾರಿನ ಮೈಮೇಲೆ ತಂತಿಗಳನ್ನು ಹಿಡಿದಿಡುವ ಭಾಗದಿಂದ, ಹೊರಗೆ ಬಂದ ಒಂದು ಕಬ್ಬಿಣದ ಕಡ್ಡಿ. ಮಗನ ಕಣ್ಣು ಅದರ ಮೇಲಿಂದ ಕದಲಲಿಲ್ಲ. "ಒಮ್ಮೆ ತೆಗೆದು ನುಡಿಸಿ ನೋಡಬಹುದಾ?" ಅಂತ ಕೇಳಿದೆ. "ಸೀಲ್ ಒಡೆದರೆ ಬೇರೆಯವರು ತಗೊಳ್ಳುವುದಿಲ್ಲ ಸರ್" ಅಂದರು. ನಾನು ಒಪ್ಪಿಕೊಂಡೆ. ಅಲ್ಲಿಂದಲೇ ಎದ್ದು ಬರಬೇಕಿತ್ತು.

ಮೊದಲ ತೊಂದರೆ ಶ್ರುತಿಯದ್ದು. ಆ ಕಡ್ಡಿ ಅಂದೆನಲ್ಲ, ಅದಕ್ಕೆ ಟ್ರೆಮೊಲೊ ಅನ್ನುತ್ತಾರೆ. ಅದನ್ನು ಒತ್ತಿದರೆ ಬ್ರಿಡ್ಜ್ ಅಲುಗಾಡಿ ಸ್ವರ ಜಾರುತ್ತದೆ. ಕೇಳಲಿಕ್ಕೆ ಚೆಂದ. ಆದರೆ ಮಗನ ಗಿಟಾರಿನಲ್ಲಿದ್ದದ್ದು ತೇಲುವ ಬ್ರಿಡ್ಜ್. ಒಂದು ಕಡೆ ಆರು ತಂತಿಗಳ ಎಳೆತ, ಇನ್ನೊಂದು ಕಡೆ ಹಿಂಬದಿಯ ಸ್ಪ್ರಿಂಗುಗಳ ಎಳೆತ. ಎರಡೂ ಸಮವಾಗಿ ನಿಂತರೆ ಮಾತ್ರ ಶ್ರುತಿ ನಿಲ್ಲುತ್ತದೆ. ಒಂದು ತಂತಿ ಬಿಗಿ ಮಾಡಿದರೆ ಉಳಿದ ಐದೂ ಇಳಿಯುತ್ತವೆ. ಅವನ್ನು ಏರಿಸಿದರೆ ಮೊದಲಿನದ್ದು ಮತ್ತೆ ಇಳಿಯುತ್ತದೆ. ಮೇಲ್ಗಡೆ ತಂತಿಗಳು ಹಾದುಹೋಗುವ ಪಟ್ಟಿಗೆ (ನಟ್ ಅನ್ನುತ್ತಾರೆ) ಬೇರೆ ಬೀಗದ ಹಾಗೆ ಸ್ಕ್ರೂ. ಪ್ರತಿ ಸಲ ಅಲೆನ್ ಕೀ ಹಾಕಿ ಸಡಿಲಿಸಬೇಕು. ಅಭ್ಯಾಸಕ್ಕೆ ಸಿಗುತ್ತಿದ್ದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಇದಕ್ಕೇ ಹೋಗುತ್ತಿತ್ತು.

ಎರಡನೆಯದು ತಂತಿಯ ಎತ್ತರ. ಬೆರಳ ತುದಿಯಲ್ಲಿ ಗೆರೆ ಬಿದ್ದು ಚರ್ಮ ಸುಲಿದಿತ್ತು. ಕಲಿಯುವಾಗ ಎಲ್ಲರಿಗೂ ಹಾಗೇ ಅಲ್ವಾ ಅಂದುಕೊಂಡೆ. "ಒತ್ತಲಿಕ್ಕೇ ಆಗುವುದಿಲ್ಲ ಅಪ್ಪ" ಅಂದಾಗ ನಾನು ಹೇಳಿದ್ದು ಇನ್ನೂ ಕಿವಿಯಲ್ಲಿ ಉಂಟು. "ಕಲಿಯುವ ಮನಸ್ಸಿಲ್ಲದಿದ್ದರೆ ಮೊದಲೇ ಹೇಳಬೇಕಿತ್ತು, ಸುಮ್ನೆ ದುಡ್ಡು ದಂಡ." ಇದನ್ನು ಒಂದು ಸಲ ಅಲ್ಲ, ನಾಲ್ಕೈದು ಸಲ ಹೇಳಿದ್ದೇನೆ. ಅವನು ಗಿಟಾರ್ ಮುಟ್ಟುವುದು ಕಡಿಮೆ ಮಾಡಿದ.

ಮೂರನೆಯದನ್ನು ದಯವಿಟ್ಟು ಗಮನವಿಟ್ಟು ಓದಿ. ಜುಲೈ ತಿಂಗಳು, ಹೊರಗೆ ಜೋರು ಮಳೆ. "ಅಪ್ಪ, ತಂತಿ ಮುಟ್ಟಿದರೆ ಜುಮ್ ಅಂತದೆ" ಅಂದ. ನಾನು ಮುಟ್ಟಿ ನೋಡಿದೆ, ಏನೂ ಆಗಲಿಲ್ಲ. ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅವನು ತೇವದ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿದ್ದ. ಆಂಪಿನಿಂದ ಯಾವಾಗಲೂ ಗುಂಯ್ ಅನ್ನುವ ಸದ್ದು ಬರುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ "ಎಲೆಕ್ಟ್ರಿಕ್ ಗಿಟಾರ್ ಅಂದ ಮೇಲೆ ಸ್ವಲ್ಪ ಹಮ್ ಇದ್ದೇ ಇರ್ತದೆ" ಅಂದರು. ಅದರಲ್ಲಿ ಅರ್ಧ ನಿಜ ಉಂಟು. ತಂತಿಯ ಕಂಪನವನ್ನು ಹಿಡಿದು ಆಂಪಿಗೆ ಕಳಿಸುವ ಭಾಗಕ್ಕೆ ಪಿಕಪ್ ಅನ್ನುತ್ತಾರೆ. ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ತಂತಿ. ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ಗುಡುವಿಕೆಯನ್ನು ಅದು ಹಿಡಿದುಕೊಳ್ಳುತ್ತದೆ. ಎರಡು ಕಾಯಿಲ್ ಸೇರಿಸಿ ಈ ಸದ್ದನ್ನು ಅಳಿಸುವ ಹಂಬಕರ್ ಪಿಕಪ್ಪನ್ನು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲೇ ಮಾಡಿದ್ದರು. ಆದರೆ ನಮ್ಮ ಮನೆಯ ಸದ್ದಿಗೆ ಅದೊಂದೇ ಕಾರಣ ಆಗಿರಲಿಲ್ಲ.

ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆಂಪಿನ ಲೋಹದ ಚಾಸಿಗೆ ಸೇರಿರುತ್ತವೆ. ಚಾಸಿಯಿಂದ ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ ಮೂಲಕ ಅರ್ತಿಂಗ್. ಅಂಗಡಿಯವರು ನಮಗೆ ಎರಡು ಪಿನ್ನಿನ ಕನ್ವರ್ಟರ್ ಒಂದನ್ನು ಫ್ರೀಯಾಗಿ ಕೊಟ್ಟಿದ್ದರು. ಅದನ್ನೇ ಹಾಕುತ್ತಿದ್ದೆವು. ಎಲೆಕ್ಟ್ರಿಷಿಯನ್ ಬಂದು ಕನ್ವರ್ಟರ್ ಕಿತ್ತು ಬಿಸಾಡಿದ. ಗೋಡೆಯ ಸಾಕೆಟ್ ಬಿಚ್ಚಿ ತೋರಿಸಿದ. ಒಳಗೆ ಎರಡೇ ವಯರ್, ಅರ್ತಿನ ಜಾಗ ಖಾಲಿ. "ಆಂಪಿನ ಒಳಗೆ ಎಂತಾದರೂ ಶಾರ್ಟ್ ಆದರೆ 230 ವೋಲ್ಟ್ ನೇರ ಹುಡುಗನ ಕೈಗೇ ಬರುವುದು" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸ ಅರ್ತ್ ವಯರ್ ಎಳೆಸಿದ ಮೇಲೆ ಜುಮ್ ಅನ್ನುವುದು ನಿಂತಿತು. ಗುಂಯ್ ಸದ್ದೂ ಮುಕ್ಕಾಲು ಪಾಲು ಇಳಿಯಿತು. ಹಳೆ ಮನೆಯಲ್ಲಿ ಇರುವವರು ಗಿಟಾರ್ ತರುವ ಮೊದಲೇ ಸಾಕೆಟ್ ಪರೀಕ್ಷೆ ಮಾಡಿಸಿ. ಮಕ್ಕಳು ಜುಮ್ ಅಂತದೆ ಅಂದರೆ ಆ ಕ್ಷಣವೇ ಸ್ವಿಚ್ ಆಫ್ ಮಾಡಿ.

ಡಿಸೆಂಬರಿನಲ್ಲಿ ಬೆಂದೂರಿನ ಹತ್ತಿರ ಪಾಠ ಹೇಳುವ ಒಬ್ಬರ ಬಳಿ ಕರೆದುಕೊಂಡು ಹೋದೆ. ಚರ್ಚಿನ ಕ್ವೈರಿನಲ್ಲಿ ಬಹಳ ವರ್ಷ ನುಡಿಸಿದವರು. ಅವರು ನುಡಿಸಲೇ ಇಲ್ಲ. ಮಗನ ಕಂಪಾಸ್ ಬಾಕ್ಸಿನಿಂದ ಸ್ಟೀಲ್ ಸ್ಕೇಲ್ ತೆಗೆದು 12ನೇ ಫ್ರೆಟ್ಟಿನ (ಗಿಟಾರಿನ ಉದ್ದ ಕೈಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆ) ಮೇಲೆ ಇಟ್ಟರು. ಫ್ರೆಟ್ಟಿಗೂ ದಪ್ಪ ತಂತಿಗೂ ನಡುವೆ ಹತ್ತಿರ ಹತ್ತಿರ 4 ಮಿಲಿಮೀಟರ್. ಅಲ್ಲಿ 2 ಮಿಲಿಮೀಟರಿನ ಆಸುಪಾಸು ಸಾಕು. ತಗ್ಗಿಸಿ ನೋಡಿದರು. ಏಳನೇ ಫ್ರೆಟ್ಟಿನಿಂದ ಆಚೆಗೆ ತಂತಿ ಝರ್ ಝರ್ ಅಂತ ತಾಗತೊಡಗಿತು. ಫ್ರೆಟ್ಟುಗಳೇ ಏರುತಗ್ಗು. ಅದನ್ನು ಮುಚ್ಚಲಿಕ್ಕೇ ತಂತಿ ಎತ್ತರಿಸಿದ್ದಾರೆ ಅಂದರು. ಆಮೇಲೆ ತಮ್ಮ ಹಳೆ ಗಿಟಾರನ್ನು ಮಗನ ತೊಡೆಯ ಮೇಲಿಟ್ಟರು. ಅಲುಗಾಡದ ಬ್ರಿಡ್ಜ್, 9ರ (ಅತಿ ಸಣ್ಣ ತಂತಿ 0.009 ಇಂಚು ದಪ್ಪ) ತೆಳು ತಂತಿ. ಹತ್ತು ನಿಮಿಷದಲ್ಲಿ ಜಿ, ಸಿ, ಡಿ ಮೂರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸ್ವಚ್ಛವಾಗಿ ಬಂದವು. ಮಗ ಒಮ್ಮೆ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ವಾಪಸ್ ಬರುವಾಗ ಅವನ ಹತ್ತಿರ ಕ್ಷಮೆ ಕೇಳಿದೆ.

ಆದ್ದರಿಂದ ಸೀಲ್ ಒಡೆಯಲು ಬಿಡದ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ. ನಿಮಗೆ ನುಡಿಸಲು ಬರದಿದ್ದರೂ ಪರವಾಗಿಲ್ಲ, ಒಂದು ಸ್ಕೇಲ್ ಮತ್ತು ಫೋನಿನಲ್ಲಿ ಟ್ಯೂನರ್ ಆ್ಯಪ್ ಇದ್ದರೆ ಸಾಕು. ಶ್ರುತಿ ಮಾಡಿಸಿ, ಪ್ರತಿ ತಂತಿಯನ್ನೂ 12ನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿಸಿ. ಬಿಟ್ಟ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಬರಬೇಕು. ಟ್ಯೂನರಿನ ಮುಳ್ಳು ಆಚೀಚೆ ಜಾಸ್ತಿ ಹೋದರೆ ಸರಿ ಮಾಡಿಕೊಡಲು ಹೇಳಿ. ಅವರಿಂದ ಆಗದಿದ್ದರೆ ಬಿಟ್ಟುಬಿಡಿ. ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ಒತ್ತಿ ಕೇಳಿ. ಗಿಟಾರಿನ ನೆಕ್, ಅಂದರೆ ಉದ್ದ ಕೈಯ ಅಂಚಿನಲ್ಲಿ ಬೆರಳು ಜಾರಿಸಿ, ಫ್ರೆಟ್ಟಿನ ತುದಿ ಗರಗಸದ ಹಾಗೆ ಚುಚ್ಚಬಾರದು. ಮೊದಲ ಗಿಟಾರಿಗೆ ಅಲುಗಾಡದ ಬ್ರಿಡ್ಜೇ ಒಳ್ಳೆಯದು. ಟೆಲಿಕಾಸ್ಟರ್ (ಫೆಂಡರ್ ಕಂಪನಿಯ ಒಂದು ಹಳೆಯ ಮಾದರಿ) ಆಕಾರದವುಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ.

ಆಂಪಿಗೆ ಹೆಡ್‌ಫೋನ್ ತೂತು ಇರಲೇಬೇಕು. ನಮ್ಮದಕ್ಕೆ ಇರಲಿಲ್ಲ. ಪಕ್ಕದ ಮನೆಯವರಿಗೆ ತೊಂದರೆ ಅಂತ ಮಗ ವಾಲ್ಯೂಮ್ ಏರಿಸಿದ್ದೇ ಇಲ್ಲ. ಶುರುವಿಗೆ ಆಂಪ್ ಬೇಕೇ ಬೇಕು ಅಂತಲೂ ಇಲ್ಲ. ಗಿಟಾರಿಗೇ ಸಿಕ್ಕಿಸುವ, ಸೆಲ್ಲಿನಲ್ಲಿ ಓಡುವ ಸಣ್ಣ ಹೆಡ್‌ಫೋನ್ ಆಂಪ್ ಸಿಗುತ್ತದೆ. ಉಳಿದ ದುಡ್ಡನ್ನು ಗಿಟಾರಿಗೇ ಹಾಕಿ.

ನಮ್ಮ ಕಡಲತೀರದ ಹವೆಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ. ಮಳೆಗಾಲದಲ್ಲಿ ಗೋಡೆಗೆ ತೂಗು ಹಾಕಬೇಡಿ, ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಮಗ ಈಗ ಆ ಹಳೆ ಗಿಟಾರಿನಲ್ಲೇ ಕಲಿಯುತ್ತಿದ್ದಾನೆ, ಪಾಠ ಹೇಳುವವರೇ ಎರವಲು ಕೊಟ್ಟಿದ್ದಾರೆ. ನಮ್ಮದನ್ನು ಸುರತ್ಕಲ್ಲಿನ ಒಬ್ಬರು ಅರ್ಧ ಬೆಲೆಗೆ ಕೇಳಿದರು, ಮಗಳಿಗಂತೆ. ಫ್ರೆಟ್, ಬ್ರಿಡ್ಜ್ ಎಲ್ಲದರ ವಿಷಯ ಬಿಡಿಸಿ ಹೇಳಿದೆ. ಬೇಡ ಅಂದರು. ಅದು ಈಗ ಅಟ್ಟದಲ್ಲಿದೆ.