ಪಾರ್ಕ್ ಗೇರ್‌ನಲ್ಲಿ ಸಿಕ್ಕಿಕೊಂಡ ಹಳೆ ಪಿಕಪ್ ಕೆಳಗೆ ಯಾರೂ ತೂರಬೇಡಿ

ಅಮೆರಿಕದಲ್ಲಿ ಹಳೆ ಆಟೋಮ್ಯಾಟಿಕ್ ಪಿಕಪ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ.

ಮಿಷಿಗನ್‌ನಲ್ಲಿ ನಮ್ಮ ಡ್ರೈವ್‌ವೇ ರಸ್ತೆ ಕಡೆಗೆ ಇಳಿಜಾರು. ನಮ್ಮ ಪಿಕಪ್ ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲೇ ಇರುವ ಹಳೆ ಮಾಡೆಲ್. ಒಂದು ಬೆಳಿಗ್ಗೆ ಲಿವರ್ ಪಾರ್ಕ್‌ನಿಂದ ಅಲ್ಲಾಡಲೇ ಇಲ್ಲ. ರೋಡ್‌ಸೈಡ್ ಸಹಾಯಕ್ಕೆ ಫೋನ್ ಮಾಡಿದೆವು. ಬಂದವನು ಪಾರ್ಕಿಂಗ್ ಬ್ರೇಕ್ ಒತ್ತಿ ಸೀದಾ ಗಾಡಿ ಕೆಳಗೆ ತೂರಿದ. ಗೇರ್‌ಬಾಕ್ಸ್‌ನ ಕೇಬಲ್ ಬಿಚ್ಚಿ, ಕೈಯಿಂದಲೇ ನ್ಯೂಟ್ರಲ್‌ಗೆ ತಳ್ಳಿದ. ಟಕ್ ಅಂತು, ಗಾಡಿ ಹೊರಟೇಬಿಟ್ಟಿತು! ಚಕ್ರಗಳ ನಡುವೆ ಉದ್ದಕ್ಕೆ ಮಲಗಿದ್ದರಿಂದ ಬದುಕಿದ. ಪಿಕಪ್ ಮೇಲ್‌ಬಾಕ್ಸ್ ಮುರಿದು, ಎದುರುಮನೆ ಮರಕ್ಕೆ ಗುದ್ದಿ ನಿಂತಿತು.

ಪಾರ್ಕ್ ಅಂದರೆ ಗೇರ್‌ಬಾಕ್ಸ್ ಒಳಗೆ ಒಂದು ಸಣ್ಣ ಉಕ್ಕಿನ ಹಲ್ಲು ಸಿಕ್ಕಿಕೊಂಡಿರುವುದು, ಅಷ್ಟೇ. ಅದನ್ನು ಬಿಡಿಸಿದರೆ ಎರಡು ಟನ್ ಗಾಡಿಯನ್ನು ಹಿಡಿಯಲು ಉಳಿಯುವುದು ಪಾರ್ಕಿಂಗ್ ಬ್ರೇಕ್ ಮಾತ್ರ. ಹಿಮಕ್ಕೆ ಉಪ್ಪು ಸುರಿಯುವ ಊರುಗಳಲ್ಲಿ ಅದರ ಕೇಬಲ್ ತುಕ್ಕು ತಿಂದಿರುತ್ತದೆ. ಪೆಡಲ್ ಇಳಿಯುತ್ತದೆ, ಚಕ್ರ ಹಿಡಿಯುವುದಿಲ್ಲ. ನಮ್ಮ ಘಾಟಿಯಲ್ಲಿ ಲಾರಿ ಕೆಟ್ಟರೆ ಕ್ಲೀನರ್ ಮೊದಲು ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ, ಅಲ್ವಾ? ಯೂನಿಫಾರ್ಮ್ ಹಾಕಿಕೊಂಡು ಬಂದ ಈ ಪುಣ್ಯಾತ್ಮನಿಗೆ ಅದು ಹೊಳೆಯಲಿಲ್ಲ.

ಇಷ್ಟಕ್ಕೂ ಹೋಗಿದ್ದು ಒಂದು ಫ್ಯೂಸ್! ಬ್ರೇಕ್ ಒತ್ತಿದ ಸಿಗ್ನಲ್ ಬಂದರೆ ಮಾತ್ರ ಲಿವರ್‌ನ ಲಾಕ್ ಬಿಡುತ್ತದೆ. ಎಷ್ಟೋ ಹಳೆ ಪಿಕಪ್‌ಗಳಲ್ಲಿ ಬ್ರೇಕ್ ಲೈಟಿಗೂ ಇದಕ್ಕೂ ಒಂದೇ ಫ್ಯೂಸ್. ಹಿಂದಿನ ಟ್ರೈಲರ್ ಪ್ಲಗ್ಗಿಗೆ ತುಕ್ಕು ಹಿಡಿದು ಶಾರ್ಟ್ ಆದರೂ ಅದು ಸುಟ್ಟುಹೋಗುತ್ತದೆ. ಹಾಗಾಗಿ ಮೊದಲು ಬ್ರೇಕ್ ಒತ್ತಿ, ಹಿಂದೆ ಲೈಟ್ ಬರುತ್ತಾ ಅಂತ ಬೇರೆಯವರಿಗೆ ನೋಡಲು ಹೇಳಿ. ಬರದಿದ್ದರೆ ಅಷ್ಟೇ ಆಂಪಿನ ಹೊಸ ಫ್ಯೂಸ್ ಹಾಕಿ. ಆಗಲೂ ಬರದಿದ್ದರೆ ಬ್ರೇಕ್ ಪೆಡಲ್ ಮೇಲಿನ ಸ್ವಿಚ್ ನೋಡಿಸಿ.

ಗಾಡಿ ತಕ್ಷಣ ಸರಿಸಲೇಬೇಕಾ? ಚಕ್ರಗಳಿಗೆ ಇಳಿಜಾರಿನ ಕಡೆಯಿಂದ ದಪ್ಪ ಮರದ ತುಂಡು ಅಡ್ಡ ಕೊಡಿ. ಸೀಟಿನಲ್ಲೇ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿ. ಕೆಲವು ಮಾಡೆಲ್‌ಗಳಲ್ಲಿ ಕೀಲಿಯನ್ನು ಲಾಕ್‌ನಿಂದ ಆಫ್‌ಗೆ ತಿರುಗಿಸಿದರೆ ಲಿವರ್ ನ್ಯೂಟ್ರಲ್‌ಗೆ ಬರುತ್ತದೆ. ಇನ್ನು ಕೆಲವಕ್ಕೆ ಲಿವರ್ ಪಕ್ಕದ ಸಣ್ಣ ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಒತ್ತಬೇಕು. ನಿಮ್ಮದು ಯಾವುದು ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ. ಲೈಟ್ ಬಂದರೂ ಲಿವರ್ ಬಿಗಿ ಇದ್ದರೆ ಗಾಡಿಯ ಭಾರ ಆ ಹಲ್ಲಿನ ಮೇಲೆ ಕೂತಿರಬಹುದು. ಇನ್ನೊಂದು ಗಾಡಿಯಿಂದ ಸ್ವಲ್ಪ ಮೇಲಕ್ಕೆ ಎಳೆಸಿದರೆ ಬಿಡುತ್ತದೆ.

ಫೋರ್ ವೀಲ್ ಡ್ರೈವ್ ಇರುವವರು ಇನ್ನೂ ಜಾಸ್ತಿ ಹುಷಾರಾಗಿರಿ. ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ನ್ಯೂಟ್ರಲ್‌ನಲ್ಲಿದ್ದರೆ ಲಿವರ್ ಪಾರ್ಕ್‌ನಲ್ಲಿದ್ದರೂ ಗಾಡಿ ಉರುಳುತ್ತದೆ.