"ಫೋನ್‌ಪೇ ಹಾಕ್ತೀನಿ, ನಗದು ಕೊಡ್ರಿ" ಅಂದರೆ ಕೊಡಬೇಡಿ

ಕಿರಾಣಿ, ಹೋಟೆಲ್, ಮೆಡಿಕಲ್, ಪಾನ್ ಅಂಗಡಿ, ಯಾವುದೇ ಇರಲಿ, ಗಲ್ಲಾದ ಮುಂದೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿಕೊಂಡಿರುವ ಎಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಿ. ಗುರುತು ಪರಿಚಯ ಇಲ್ಲದವರು ಬಂದು ಫೋನ್‌ಪೇ ಹಾಕ್ತೀನಿ, ಅಷ್ಟು ನಗದು ಕೊಡಿ ಅಂದರೆ ಕೊಡಬೇಡಿ. ಐನೂರು ಆದರೂ ಬೇಡ. ವಿಜಯಪುರದಲ್ಲಿ ನಮ್ಮ ಅಣ್ಣನಿಗೆ ಆಗಿದ್ದನ್ನು ಬರೆಯುತ್ತಿದ್ದೇನೆ. ಅವನ ಜೊತೆ ಬ್ಯಾಂಕು, ಠಾಣೆ, ವಕೀಲರ ಆಫೀಸು ಅಂತ ನಾನೇ ಓಡಾಡಿದ್ದೇನೆ.

ಅಣ್ಣನದು ಬಸ್ ಸ್ಟ್ಯಾಂಡ್ ಕಡೆ ಕಿರಾಣಿ ಅಂಗಡಿ. ಸಂಕ್ರಾಂತಿ ಸಮಯ, ಸಿದ್ಧೇಶ್ವರ ಜಾತ್ರೆ, ಊರಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಳ್ಳು, ಬೆಲ್ಲ, ಶೇಂಗಾ, ಕುಸುರೆಳ್ಳು ಅಂತ ವ್ಯಾಪಾರ ಜೋರಾಗಿತ್ತು, ಗಲ್ಲಾದಲ್ಲಿ ನಗದೂ ಜಾಸ್ತಿ ಇತ್ತು. ಸಂಜೆ ಒಬ್ಬ ಹುಡುಗ ಬಂದ. ಒಳ್ಳೆ ಬಟ್ಟೆ, ಮಾತು ನಮ್ಮ ಕಡೆಯದೇ. ಒಂದು ಬಿಸ್ಕಿಟ್ ಪುಡಾ, ಒಂದು ನೀರಿನ ಬಾಟಲಿ ತಗೊಂಡ. ಆಮೇಲೆ ಮೆಲ್ಲಗೆ ಶುರು ಮಾಡಿದ. "ಅಣ್ಣಾರ, ಅವ್ವನ್ನ ದವಾಖಾನ್ಯಾಗ ಅಡ್ಮಿಟ್ ಮಾಡೀನ್ರಿ. ಡಿಪಾಜಿಟ್ ನಗದನ ಬೇಕು ಅಂತಾರ. ಎಟಿಎಂ ಕಾರ್ಡ್ ಊರಾಗ ಉಳದೈತ್ರಿ. ನಿಮಗ ಫೋನ್‌ಪೇ ಹಾಕ್ತೀನಿ, ಹದಿನೆಂಟು ಸಾವಿರ ಕೊಟ್ರ ಭಾಳ ಉಪಕಾರ ಆಗ್ತೈತ್ರಿ."

ಅವ್ವನ ಹೆಸರು ಹೇಳಿದ ಮೇಲೆ ನಮ್ಮ ಕಡೆ ಯಾರು ಇಲ್ಲ ಅಂತಾರೆ ಹೇಳಿ? ಅಣ್ಣ ಹೂಂ ಅಂದ. ಆ ಹುಡುಗ ಸ್ಟಿಕ್ಕರ್ ಸ್ಕ್ಯಾನ್ ಮಾಡಲಿಲ್ಲ. ಅದರ ಫೋಟೋ ತೆಗೆದು ಯಾರಿಗೋ ವಾಟ್ಸಾಪ್ ಮಾಡಿದ, ಫೋನ್ ಹಚ್ಚಿ "ಹಾಕು" ಅಂತ ಒಂದೇ ಮಾತು ಹೇಳಿದ. ಸ್ವಲ್ಪ ಹೊತ್ತಿಗೆ ಸೌಂಡ್‌ಬಾಕ್ಸ್ ಹದಿನೆಂಟು ಸಾವಿರ ಬಂತು ಅಂತ ಕೂಗಿತು. ಅಣ್ಣ ಮೊಬೈಲ್‌ನಲ್ಲೂ ನೋಡಿದ, ದುಡ್ಡು ನಿಜವಾಗಿ ಬಂದಿತ್ತು. ಕಳಿಸಿದವರ ಹೆಸರು ಬೇರೆ ಇತ್ತು. ಕೇಳಿದ್ದಕ್ಕೆ "ನಮ್ಮ ಮಾಮಾ ಹಾಕ್ಯಾನ್ರಿ" ಅಂದ. ನೋಟು ಎಣಿಸಿಕೊಂಡು, ಕೈ ಮುಗಿದು ಹೋದ.

ಇಲ್ಲೇ ಒಂದು ಮಾತು ಗಮನಿಸಿ. ನಮಗೆಲ್ಲ ಗೊತ್ತಿರುವ ಎಚ್ಚರಿಕೆ ಅಂದರೆ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಮೋಸ ಮಾಡ್ತಾರೆ, ದುಡ್ಡು ಬಂದಿದೆಯಾ ಅಂತ ನೋಡಿಕೊಳ್ಳಿ ಅನ್ನೋದು. ಅಣ್ಣ ಅದನ್ನು ಸರಿಯಾಗಿಯೇ ಮಾಡಿದ್ದ. ಈ ಮೋಸದಲ್ಲಿ ದುಡ್ಡು ಬರುತ್ತದೆ, ಪೂರ್ತಿ ಬರುತ್ತದೆ. ಆದರೆ ಆ ದುಡ್ಡು ಯಾರದೋ ಖಾತೆಯಿಂದ ಕದ್ದಿದ್ದು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಎಣ್ಣೆ ಡಿಸ್ಟ್ರಿಬ್ಯೂಟರ್‌ಗೆ ದುಡ್ಡು ಕಳಿಸಲು ಹೋದರೆ ಹೋಗಲಿಲ್ಲ. ಸರ್ವರ್ ತೊಂದರೆ ಇರಬೇಕು ಅಂದುಕೊಂಡ. ಎಟಿಎಂನಲ್ಲೂ ಬರಲಿಲ್ಲ. ಬ್ಯಾಂಕಿಗೆ ಹೋದರೆ, ನಿಮ್ಮ ಖಾತೆ ಡೆಬಿಟ್ ಫ್ರೀಜ್ ಆಗಿದೆ, ಬೇರೆ ರಾಜ್ಯದಲ್ಲಿ ಸೈಬರ್ ಕಂಪ್ಲೇಂಟ್ ಇದೆ, ನಮ್ಮ ಕೈಯಲ್ಲಿ ಏನೂ ಇಲ್ಲ ಅಂದರು. ಅಂದರೆ ಖಾತೆಗೆ ದುಡ್ಡು ಬರುತ್ತದೆ, ಹೊರಗೆ ಹೋಗುವುದಿಲ್ಲ. ಹದಿನೆಂಟು ಸಾವಿರಕ್ಕಷ್ಟೇ ಬೀಗ ಹಾಕಿದ್ದರೆ ತಡೆದುಕೊಳ್ಳಬಹುದಿತ್ತು. ಖಾತೆಯಲ್ಲಿ ನಾಲ್ಕು ಲಕ್ಷದ ಹತ್ತಿರ ಇತ್ತು, ಅಷ್ಟೂ ಬಂದ್. ಬ್ಯಾಂಕಿನಿಂದಲೇ ಅತ್ತಿಗೆಗೆ ಫೋನ್ ಮಾಡಿ ಮೊದಲು ಸ್ಟಿಕ್ಕರ್ ಕಿತ್ತು ಹಾಕು ಅಂದ. ಯಾಕಂದರೆ ಅಲ್ಲಿಯವರೆಗೂ ಗಿರಾಕಿಗಳು ಸ್ಕ್ಯಾನ್ ಮಾಡಿ ಮಾಡಿ ಅದೇ ಖಾತೆಗೆ ಹಾಕುತ್ತಲೇ ಇದ್ದರು. ಅತ್ತಿಗೆ ಉಗುರಿನಿಂದ ಕೆರೆದು ಕೆರೆದು ಅದನ್ನು ತೆಗೆದರು.

ಆಮೇಲಿನದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅಂಗಡಿ ಸಾಲದ ಕಂತು ಬೌನ್ಸ್ ಆಯಿತು, ಅದಕ್ಕೆ ದಂಡ ಬೇರೆ. ಡಿಸ್ಟ್ರಿಬ್ಯೂಟರ್‌ಗೆ ಕೊಟ್ಟಿದ್ದ ಚೆಕ್ ವಾಪಸ್ ಬಂತು. ವರ್ಷಗಟ್ಟಲೆ ವ್ಯವಹಾರ ಮಾಡಿದ ಮನುಷ್ಯ, "ಸಾವ್ಕಾರ್ರ, ನೂರಾ ಮೂವತ್ತೆಂಟು ಹಾಕಬೇಕಾಗ್ತೈತಿ ನೋಡ್ರಿ" ಅಂದುಬಿಟ್ಟ. ಚೆಕ್ ಬೌನ್ಸ್ ಕೇಸಿನ ಸೆಕ್ಷನ್ ಅದು. ಅಣ್ಣ ಆವತ್ತು ರಾತ್ರಿ ಊಟ ಮಾಡಲಿಲ್ಲ. ಅತ್ತಿಗೆಯ ಬಳೆ ಅಡ ಇಟ್ಟು ಆ ಬಾಕಿ ತೀರಿಸಿದೆವು.

ಇದು ಹೇಗೆ ನಡೆಯುತ್ತದೆ ಅಂತ ಇಲ್ಲಿನ ಪೊಲೀಸರು ಸಮಾಧಾನದಿಂದ ಬಿಡಿಸಿ ಹೇಳಿದರು. ಎಲ್ಲೋ ಒಬ್ಬರಿಗೆ ಸೈಬರ್ ವಂಚನೆ ಆಗುತ್ತದೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ, ಇಲ್ಲ ಅಂದರೆ ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡುತ್ತಾರೆ. ಹೀಗೆ ದೂರು ಪಡೆದು ದುಡ್ಡು ತಡೆಯುವ ವ್ಯವಸ್ಥೆ 2021ರಲ್ಲಿ ಶುರುವಾದದ್ದು. ದೂರು ಬಂದ ಕೂಡಲೇ ಆ ದುಡ್ಡು ಯಾವ ಖಾತೆಗೆ ಹೋಯಿತು, ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಅಂತ ಬ್ಯಾಂಕುಗಳು ಬೆನ್ನು ಹತ್ತುತ್ತವೆ. ದುಡ್ಡು ಮುಟ್ಟಿದ ಖಾತೆಗಳನ್ನೆಲ್ಲ ತಡೆಹಿಡಿಯುತ್ತಾ ಹೋಗುತ್ತವೆ. ಕಳ್ಳರಿಗೂ ಇದು ಗೊತ್ತು. ಅದಕ್ಕೇ ಅವರಿಗೆ ಬೇಗ ನಗದು ಬೇಕು. ಎಟಿಎಂನಲ್ಲಿ ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ತಲೆ ಮೇಲೆ ಕ್ಯಾಮೆರಾ ಇದೆ. ನಮ್ಮ ನಿಮ್ಮ ಅಂಗಡಿ ಗಲ್ಲಾದಲ್ಲಿ ಆ ಮಿತಿ ಇಲ್ಲ. ನಗದು ಕೈಗೆ ಬಂದ ಮೇಲೆ ಜಾಡು ಅಲ್ಲಿಗೇ ನಿಲ್ಲುತ್ತದೆ, ಜಾಡಿನ ಕೊನೆಯಲ್ಲಿ ಹೆಸರು, ವಿಳಾಸ, ಆಧಾರ್ ಸಮೇತ ನಿಂತಿರೋನು ಅಂಗಡಿಯವನು.

ಆ ವ್ಯವಸ್ಥೆಯನ್ನು ನಾನು ಬೈಯುವುದಿಲ್ಲ. ಆ ಹದಿನೆಂಟು ಸಾವಿರ ಯಾರೋ ವಯಸ್ಸಾದವರ ಉಳಿತಾಯದ ದುಡ್ಡು ಅಂತ ಆಮೇಲೆ ಗೊತ್ತಾಯಿತು. ಅವರಿಗೆ ಅದು ವಾಪಸ್ ಸಿಗಲೇಬೇಕು. ನನ್ನ ತಕರಾರು ಒಂದೇ. ಅನುಮಾನದ ದುಡ್ಡು ಎಷ್ಟೋ ಅಷ್ಟನ್ನು ಹಿಡಿಯಿರಿ, ಇಡೀ ಖಾತೆ ಯಾಕೆ? ಪೊಲೀಸ್ ತನಿಖೆ, ಕೋರ್ಟ್ ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 106ನೇ ಸೆಕ್ಷನ್, ಅಂದರೆ 2024ರ ಜುಲೈ 1ಕ್ಕೆ ಮೊದಲು ಸಿಆರ್‌ಪಿಸಿ 102 ಅಂತ ಇದ್ದದ್ದು, ಕದ್ದ ಮಾಲು ಅಂತ ಅನುಮಾನ ಇರುವ ಆಸ್ತಿಯನ್ನು ಪೊಲೀಸರು ವಶಪಡಿಸಿಕೊಳ್ಳಬಹುದು ಅನ್ನುತ್ತದೆ. ಅದನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತಲೂ ಹೇಳುತ್ತದೆ. ಅಣ್ಣ ಎಳ್ಳು ಬೆಲ್ಲ ಮಾರಿ ಗಳಿಸಿದ ದುಡ್ಡು ಕದ್ದ ಮಾಲು ಹೇಗಾಗುತ್ತದೆ? 2023ರಲ್ಲಿ ಕೇರಳ ಹೈಕೋರ್ಟ್ ಇದನ್ನೇ ಹೇಳಿದೆ, ದೂರಿನಲ್ಲಿರುವ ಮೊತ್ತಕ್ಕೆ ಮಾತ್ರ ತಡೆ ಇರಲಿ ಅಂತ. 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಬಂದದ್ದಂತೂ ಓದಿದರೆ ಹೊಟ್ಟೆ ಉರಿಯುತ್ತದೆ. ರಸ್ತೆ ಬದಿ ತಿಂಡಿ ಮಾರುವವರ ಖಾತೆಗೆ ವಂಚನೆ ಹಣದ 105 ರೂಪಾಯಿ ಬಂದಿತ್ತು, ಅದಕ್ಕೆ ಲಕ್ಷಕ್ಕೂ ಮೀರಿ ಇದ್ದ ಅವರ ಖಾತೆ ಪೂರ್ತಿ ಬಂದ್ ಮಾಡಿದ್ದರು. ಕೋರ್ಟು ಖಾತೆ ಬಿಡಿ, 105 ರೂಪಾಯಿ ಮಾತ್ರ ಹಿಡಿದಿಡಿ ಅಂದಿತು. ಒಂದು ಪ್ಲೇಟ್ ತಿಂಡಿಯ ದುಡ್ಡಿಗೆ ಮನುಷ್ಯ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾ?

ಅಂದರೆ ನಿಜವಾದ ಗಿರಾಕಿಯ ದುಡ್ಡಿನಿಂದಲೂ ಹೀಗೆ ಆಗಬಹುದು, ಅದನ್ನು ನಾವು ತಡೆಯಲಾಗದು. ಆದರೆ ಮಾರಿದ್ದಕ್ಕೆ ಬಿಲ್ ಇರುತ್ತದೆ. ನಗದು ಕೊಟ್ಟಿದ್ದಕ್ಕೆ ಏನಿದೆ? ಆ ಬೇರೆ ರಾಜ್ಯದ ಠಾಣೆಯವರು ಕೇಳಿದ ಮೊದಲ ಪ್ರಶ್ನೆಯೇ ಅದು: ಯಾವ ಮಾಲು ಕೊಟ್ಟಿರಿ, ಬಿಲ್ ಕಳಿಸಿ. ಬಿಸ್ಕಿಟ್, ನೀರು ಅಂತ ಹೇಳೋಕಾಗುತ್ತಾ? ಸಿಸಿಟಿವಿ ತೋರಿಸೋಣ ಅಂದರೆ, ಡಿವಿಆರ್‌ನಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಆ ಸಂಜೆಯದು ಅಳಿಸಿಹೋಗಿತ್ತು. ಆ ಠಾಣೆಯವರು ಫೋನ್ ಎತ್ತಿಸಿಕೊಳ್ಳುವುದೇ ಒಂದು ತಪಸ್ಸು. ಎತ್ತಿದರೆ ಅವರ ಭಾಷೆ ನಮಗೆ ಬಾರದು, ಅಣ್ಣನ ಹಿಂದಿ ಅವರಿಗೆ ತಿಳಿಯದು. ಇಲ್ಲಿಗೇ ಬಂದು ಹೇಳಿಕೆ ಕೊಡಿ ಅಂತ ಒಮ್ಮೆ, ಮೇಲ್ ಮಾಡಿ ಅಂತ ಒಮ್ಮೆ.

ಕೊನೆಗೆ ಕೆಲಸ ಮಾಡಿದ್ದು ಕಾಗದ. ಬ್ಯಾಂಕಿನಿಂದ ದೂರಿನ ನಂಬರು, ಯಾವ ಠಾಣೆ, ಎಷ್ಟು ಮೊತ್ತ ಅನ್ನುವುದನ್ನು ಬರಹದಲ್ಲಿ ತಗೊಂಡೆವು. ಬಾಯಿ ಮಾತಿಗೆ ಒಪ್ಪಿಕೊಳ್ಳಬೇಡಿ, ಕೊಡೋವರೆಗೂ ಕೂತೇ ಇರಿ. ಸ್ಟೇಟ್‌ಮೆಂಟ್‌ನಲ್ಲಿ ಆ ಒಂದು ಸಾಲಿಗೆ ಗುರುತು ಹಾಕಿ, ಅಂಗಡಿ ಲೈಸೆನ್ಸು, ಜಿಎಸ್‌ಟಿ ಕಾಗದ, ನಡೆದದ್ದನ್ನು ಇದ್ದ ಹಾಗೆ ಬರೆದ ಪತ್ರ, ಎಲ್ಲ ಸೇರಿಸಿ ಠಾಣೆಗೆ ಮೇಲ್ ಮಾಡಿ ರಿಜಿಸ್ಟರ್ ಪೋಸ್ಟ್ ಕೂಡ ಹಾಕಿದೆವು. ವಕೀಲರು ಆ ಕೋರ್ಟುಗಳ ಆದೇಶ ಹಾಕಿ, ವಿವಾದದ ಮೊತ್ತ ಬಿಟ್ಟು ಉಳಿದದ್ದನ್ನು ಬಿಡಿ ಅಂತ ಬರೆದುಕೊಟ್ಟರು. ಆಗದಿದ್ದರೆ ಪೊಲೀಸರು ಹಿಡಿದಿಟ್ಟದ್ದನ್ನು ಬಿಡಿಸಿಕೊಳ್ಳಲು ಅದೇ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಸೆಕ್ಷನ್ ಕೆಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ, ಅದಕ್ಕೂ ಆಗದಿದ್ದರೆ ಹೈಕೋರ್ಟು ಅಂತ ತಯಾರಿದ್ದೆವು. ನಮ್ಮ ವಿಜಯಪುರದವರಿಗೆ ಕಲಬುರಗಿ ಪೀಠ, ಬಾಗಲಕೋಟೆ ಬೆಳಗಾವಿಯವರಿಗೆ ಧಾರವಾಡ ಪೀಠ. ಪುಣ್ಯಕ್ಕೆ ಅಷ್ಟು ದೂರ ಹೋಗಲಿಲ್ಲ. ಆ ಠಾಣೆಯಿಂದ ಬ್ಯಾಂಕಿಗೆ ಮೇಲ್ ಬಂತು, ಖಾತೆ ಬಿಟ್ಟರು.

ಈ ಗಡಿಬಿಡಿಯ ನಡುವೆ ಇನ್ನೊಂದು ಮೋಸ ಬಾಗಿಲಿಗೆ ಬಂತು. ಅಣ್ಣನ ಮಗ ಯಾವುದೋ ವಿಡಿಯೋ ಕೆಳಗೆ ನಮ್ಮ ಖಾತೆ ಫ್ರೀಜ್ ಆಗಿದೆ, ಏನು ಮಾಡಬೇಕು ಅಂತ ನಂಬರ್ ಸಮೇತ ಬರೆದಿದ್ದ. ಸೈಬರ್ ಸೆಲ್‌ನಲ್ಲಿ ನಮ್ಮವರಿದ್ದಾರೆ, ಫ್ರೀಜ್ ತೆಗೆಸಿಕೊಡ್ತೀವಿ, ಮೊದಲು ಐದು ಸಾವಿರ ಹಾಕಿ ಅಂತ ಫೋನ್ ಮೇಲೆ ಫೋನ್. ಒಬ್ಬ ಪೊಲೀಸ್ ಡ್ರೆಸ್ ಹಾಕಿದ ಡಿಪಿ ಇಟ್ಟುಕೊಂಡಿದ್ದ. ನಾವು ಹಾಕಲಿಲ್ಲ. ನೊಂದಿರುವವರನ್ನೇ ಹುಡುಕಿ ಹಿಂಡುವ ಇಂಥವರಿಗೆ ಒಂದು ರೂಪಾಯಿ ಕೊಡಬೇಡಿ.

ನಿಜವಾಗಿ ಕಷ್ಟದಲ್ಲಿರುವವರು ಬಂದರೆ ಏನು ಮಾಡೋದು ಅಂತ ಕೇಳಬಹುದು. ಈಗ ಬಹಳ ಎಟಿಎಂಗಳಲ್ಲಿ ಕಾರ್ಡ್ ಇಲ್ಲದೆ, ಪರದೆ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐನಿಂದಲೇ ನಗದು ತೆಗೆಯಬಹುದು. ಅದನ್ನು ಹೇಳಿ, ಹತ್ತಿರದ ಎಟಿಎಂ ತೋರಿಸಿ. ಊಟಕ್ಕೆ, ಬಸ್ಸಿಗೆ ಅಂದರೆ ಕೈಯಿಂದಲೇ ಐವತ್ತು ನೂರು ಕೊಟ್ಟುಬಿಡಿ, ವಾಪಸ್ ಹಾಕಿಸಿಕೊಳ್ಳಬೇಡಿ. ಸ್ಟಿಕ್ಕರ್ ಫೋಟೋ ತೆಗೆದು ಬೇರೆ ಕಡೆ ಕಳಿಸುವವರು, ಬೇರೆಯವರ ಹೆಸರಿನಿಂದ ದುಡ್ಡು ಹಾಕಿಸುವವರು ಕಂಡರೆ ಆವತ್ತಿನ ಕ್ಯಾಮೆರಾ ರೆಕಾರ್ಡಿಂಗ್ ಆವತ್ತೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮತ್ತೆ ಕ್ಯೂಆರ್‌ಗೆ ಬೇರೆ ಖಾತೆ, ಕಂತು ಚೆಕ್ಕುಗಳಿಗೆ ಬೇರೆ ಖಾತೆ ಇಟ್ಟುಕೊಳ್ಳಿ. ಅಣ್ಣ ಈಗ ಹಾಗೆ ಮಾಡಿದ್ದಾನೆ. ದಿನಾ ರಾತ್ರಿ ಕ್ಯೂಆರ್ ಖಾತೆಯಿಂದ ಡಿಸ್ಟ್ರಿಬ್ಯೂಟರ್‌ಗಳ ಬಾಕಿ ನೇರವಾಗಿ ಕಳಿಸಿಬಿಡುತ್ತಾನೆ, ಜಾಸ್ತಿ ಉಳಿಸುವುದಿಲ್ಲ.

ಕಾಲೇಜು ಹುಡುಗರ ಮನೆಯವರಿಗೂ ಒಂದು ಮಾತು. ಪಾಸ್‌ಬುಕ್, ಎಟಿಎಂ, ಸಿಮ್ ಕೊಟ್ಟರೆ ತಿಂಗಳಿಗೆ ಇಷ್ಟು ಅಂತ ಖಾತೆಯನ್ನೇ ಬಾಡಿಗೆಗೆ ಕೇಳುವವರು ಇದ್ದಾರೆ. ಅಣ್ಣನ ಖಾತೆಗೆ ದುಡ್ಡು ಬಂದದ್ದು ಅಂಥದೇ ಒಬ್ಬ ಹುಡುಗನ ಖಾತೆಯಿಂದ. ಅಣ್ಣನದು ಓಡಾಟ, ನಷ್ಟಕ್ಕೆ ಮುಗಿಯಿತು, ಆ ಹುಡುಗನ ಮೇಲೆ ಕೇಸಾಗಿದೆ. ಮಕ್ಕಳ ಹತ್ತಿರ ಕೂತು ಕೇಳಿ.

ಹದಿನೆಂಟು ಸಾವಿರ ಇನ್ನೂ ತಡೆಯಲ್ಲೇ ಇದೆ, ಅದು ಬರುತ್ತದೆ ಅನ್ನುವ ಆಸೆ ಅಣ್ಣನಿಗಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಯಾರದಾದರೂ ಖಾತೆ ಹೀಗೆ ಸಿಕ್ಕಿಕೊಂಡಿದ್ದರೆ ಕೇಳಿ, ನಾವು ಠಾಣೆಗೆ ಬರೆದ ಪತ್ರದ ನಮೂನೆ ನನ್ನ ಹತ್ತಿರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ, ಕಳಿಸಿಕೊಡುತ್ತೇನೆ.